ತೋಟದಿಂದ ಲ್ಯಾಬಿಗೆ: ಮಲೆನಾಡಿನ ಬೆಳೆಗಾರರು ಪದೇ ಪದೇ ಕೇಳುವ ಪ್ರಶ್ನೆಗಳು

ತೀರ್ಥಹಳ್ಳಿ ಕಡೆಯ ಅಡಿಕೆ ಮನೆಯಲ್ಲಿ ಹುಟ್ಟಿ, ಶಿವಮೊಗ್ಗದ ಲ್ಯಾಬಿನಲ್ಲಿ ಗಿಡದ ರೋಗಗಳ ಕೆಲಸ ಕಲಿತವನಿಗೆ ಮದುವೆ ಮನೆಯ ಪಂಕ್ತಿಯಲ್ಲೂ ಬಿಡುವಿಲ್ಲ. ಪಾಯಸ ಬರುವ ಹೊತ್ತಿಗೆ ಪಕ್ಕದವರು ಮೊಬೈಲು ತೆಗೆದು ಹಳದಿಯಾದ ಸೋಗೆಯ, ಅಂದರೆ ಅಡಿಕೆ ಗರಿಯ, ಫೋಟೊ ತೋರಿಸುತ್ತಾರೆ. ಹಾಗೆ ಕೇಳಿಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಕೆಲವಕ್ಕೆ ಉತ್ತರ ಉದ್ದ, ಕೆಲವಕ್ಕೆ ನಾಲ್ಕೇ ಸಾಲು.

ಬಯೋಟೆಕ್ ಅಂದರೆ ಕುಲಾಂತರಿ ತಾನೆ? ನಮ್ಮ ಕಡೆಗೆ ಅದು ಬೇಡವೇ ಬೇಡ.

ಕುಲಾಂತರಿ, ಅಂದರೆ ಬೇರೆ ಜೀವಿಯ ವಂಶವಾಹಿ ಸೇರಿಸಿದ್ದು, ಅದರ ಒಂದು ಮೂಲೆ ಮಾತ್ರ. ನಿಮ್ಮ ತೋಟ-ಗದ್ದೆಯಲ್ಲಿ ಇವತ್ತು ಇರುವ ಅಡಿಕೆ, ಕಾಳುಮೆಣಸು, ಏಲಕ್ಕಿ, ಶುಂಠಿ, ಕಾಫಿ, ಭತ್ತ ಯಾವುದೂ ಕುಲಾಂತರಿಯಲ್ಲ. ಮಲೆನಾಡಿನಲ್ಲಿ ಜೈವಿಕ ತಂತ್ರಜ್ಞಾನ ನಡೆಯುವುದು ಸದ್ದಿಲ್ಲದ ಕೆಲಸಗಳಲ್ಲಿ. ರೋಗ ತಂದ ಜೀವಿ ಯಾವುದೆಂದು ಡಿಎನ್‌ಎ ನೋಡಿ ಹೇಳುವುದು, ಬಾಳೆಯ ಒಂದು ಕಂದಿನಿಂದ ನೂರಾರು ಸಸಿ ಎಬ್ಬಿಸುವುದು, ಗೊಬ್ಬರದ ಗುಂಡಿಗೆ ಬೇಕಾದ ಶಿಲೀಂಧ್ರ ಬೆಳೆಸಿಕೊಡುವುದು, ಬೆಂಕಿರೋಗ ತಡೆಯುವ ಭತ್ತವನ್ನು ಸಸಿಮಡಿಯಲ್ಲೇ ಗುರುತಿಸುವುದು. ಇವುಗಳಲ್ಲಿ ನನಗೆ ದೊಡ್ಡದಾಗಿ ಕಾಣುವುದು ಮೊದಲನೆಯದೇ. ರೋಗದಿಂದ ಎಷ್ಟು ದುಡ್ಡು ಹೋಗುತ್ತದೋ, ರೋಗದ ಹೆಸರು ತಪ್ಪಿ ಹೊಡೆದ ಔಷಧಿಯಿಂದಲೂ ಅಷ್ಟೇ ಹೋಗುತ್ತದೆ ಎಂಬ ಗುಮಾನಿ ನನ್ನದು.

ಸೋಗೆ ಹಳದಿಯಾಗಿದೆ, ಫೋಟೊ ಕಳಿಸಿದ್ದೇನೆ. ಏನು ಹೊಡೆಯಲಿ?

ಏನೂ ಹೊಡೆಯಬೇಡಿ. ಮೊದಲು ಬುಡ ನೋಡಿ.

ಅಡಿಕೆ ಮರಕ್ಕೆ ಬೇಸರವಾದರೆ ತೋರಿಸಲು ಇರುವ ಬಣ್ಣ ಹಳದಿ ಒಂದೇ. ಬಸಿಗಾಲುವೆ ಹೂಳು ತುಂಬಿ ಬೇರು ನೀರಲ್ಲಿ ನಿಂತರೂ ಹಳದಿ, ಬೇರುಹುಳ ತಿಂದರೂ ಹಳದಿ, ಮೆಗ್ನೀಸಿಯಮ್ ಕಡಿಮೆಯಾದರೂ ಹಳದಿ, ಬುಡಕ್ಕೆ ಅಣಬೆ ರೋಗ ಹತ್ತಿದರೂ ಹಳದಿ. ಇಷ್ಟರ ನಡುವೆ ನಿಜವಾದ ಹಳದಿ ಎಲೆ ರೋಗವೂ ಇದೆ. ಅದರಲ್ಲಿ ಹೊರಸುತ್ತಿನ ಎರಡು ಮೂರು ಸೋಗೆಗಳ ಎಸಳಿನ ತುದಿಯಿಂದ ಹಳದಿ ಶುರುವಾಗಿ ಒಳಗೆ ಇಳಿಯುತ್ತದೆ, ನಡುನರದ ಪಕ್ಕ ಹಸಿರು ಪಟ್ಟಿ ಉಳಿದಿರುತ್ತದೆ. ಮಳೆಗಾಲ ಮುಗಿದ ಮೇಲೆ ಎದ್ದು ಕಾಣುತ್ತದೆ. ವರ್ಷ ಕಳೆದಂತೆ ತಲೆ ಸಣ್ಣದಾಗುತ್ತದೆ, ಅಡಿಕೆ ಉದುರುತ್ತದೆ, ಒಡೆದರೆ ಒಳಗೆ ಕಪ್ಪಾಗಿರುತ್ತದೆ. ಬೇರಿನ ತುದಿ ಕೊಳೆತಿರುತ್ತದೆ.

ಫೋಟೊದಲ್ಲಿ ಬೇರು ಕಾಣುವುದಿಲ್ಲ, ಕಾಲುವೆ ಕಾಣುವುದಿಲ್ಲ. ನಾನು ಲಕ್ಷಣ ಹೇಳಿದೆನೆಂದು ನೀವೇ ನಿರ್ಧಾರ ಮಾಡಿಕೊಂಡು ಮರ ಕಡಿಯಲು ಹೋಗಬೇಡಿ. ಪಿಸಿಆರ್ ಪರೀಕ್ಷೆ ಇದೆ. ಕೊರೋನಾ ಕಾಲದಲ್ಲಿ ಮೂಗಿಗೆ ಕಡ್ಡಿ ಹಾಕಿ ಮಾಡಿದರಲ್ಲ, ಅದರದೇ ಅಣ್ಣ. ಕ್ಯಾರಿ ಮಲ್ಲಿಸ್ 1983ರಲ್ಲಿ ಯೋಚಿಸಿದ ಉಪಾಯ: ಹುಡುಕುವ ಜೀವಿಯ ಡಿಎನ್‌ಎ ಚೂರು ಒಂದಿದ್ದರೂ ಅದನ್ನು ಎರಡು, ನಾಲ್ಕು, ಎಂಟು ಮಾಡುತ್ತಾ ಹೋಗಿ ಕಣ್ಣಿಗೆ ಕಾಣುವಷ್ಟು ಬೆಳೆಸುವುದು.

ಹಾಗಾದರೆ ಹಳದಿ ಎಲೆ ರೋಗಕ್ಕೆ ಇಷ್ಟು ವರ್ಷವಾದರೂ ಔಷಧಿ ಯಾಕಿಲ್ಲ?

ಶೃಂಗೇರಿ, ಕೊಪ್ಪದವರು ಈ ಪ್ರಶ್ನೆ ಕೇಳುವಾಗ ದನಿಯಲ್ಲಿ ಸಿಟ್ಟಿರುತ್ತದೆ. ಇರಬೇಕಾದ್ದೇ. ಕೇರಳದಲ್ಲಿ 1914ರ ಹೊತ್ತಿಗೇ ಕಂಡ ರೋಗ ಇದು, ನೂರು ವರ್ಷ ದಾಟಿದೆ.

ಇದನ್ನು ತರುವುದು ಫೈಟೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ. ಬ್ಯಾಕ್ಟೀರಿಯಾದ ಕುಲದ್ದೇ, ಆದರೆ ಅದಕ್ಕೆ ಕೋಶಗೋಡೆಯೇ ಇಲ್ಲ. ಇಂಥದ್ದೊಂದು ಇದೆ ಎಂದು ತಿಳಿದದ್ದೇ 1967ರಲ್ಲಿ, ಜಪಾನಿನವರು ಹಿಪ್ಪುನೇರಳೆಯ ಕುಬ್ಜ ರೋಗವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುವಾಗ. ಅಲ್ಲಿಯವರೆಗೆ ವೈರಸ್ ಇರಬೇಕು ಎಂದೇ ಲೆಕ್ಕ. ಗಿಡದೊಳಗೆ ಸಕ್ಕರೆ ಸಾಗುವ ನಾಳದಲ್ಲಿ ಅದರ ವಾಸ. ಒಂದು ಬಗೆಯ ಜಿಗಿಹುಳ ರಸ ಹೀರುವಾಗ ಮರದಿಂದ ಮರಕ್ಕೆ ಒಯ್ಯುತ್ತದೆ.

ಕಷ್ಟ ಎಲ್ಲಿ ಅಂದರೆ, ಉಳಿದ ಬ್ಯಾಕ್ಟೀರಿಯಾದಂತೆ ಇದನ್ನು ಲ್ಯಾಬಿನ ತಟ್ಟೆಯಲ್ಲಿ ಬೆಳೆಸಲು ಬರುವುದಿಲ್ಲ. ಬೆಳೆಸಲು ಬಾರದ ಜೀವಿಯ ಮೇಲೆ ಹತ್ತು ಔಷಧಿ ಇಟ್ಟು ಯಾವುದು ತಾಗುತ್ತದೆ ಎಂದು ನೋಡುವುದು ಹೇಗೆ? ಪೆನ್ಸಿಲಿನ್ ಕೆಲಸ ಮಾಡುವುದು ಕೋಶಗೋಡೆಯ ಮೇಲೆ, ಇದಕ್ಕೆ ಗೋಡೆಯೇ ಇಲ್ಲ. ಟೆಟ್ರಾಸೈಕ್ಲಿನ್ ಜಾತಿಯ ಆ್ಯಂಟಿಬಯಾಟಿಕ್ ಮರಕ್ಕೆ ಚುಚ್ಚಿದರೆ ಲಕ್ಷಣ ತಗ್ಗುತ್ತದೆ, ಬಿಟ್ಟರೆ ಮತ್ತೆ ಬರುತ್ತದೆ. ಎಕರೆಗೆ ಐನೂರಕ್ಕೂ ಹೆಚ್ಚು ಮರ, ಪ್ರತಿ ಮರಕ್ಕೂ ಸೂಜಿ, ಅದೂ ಬಾಯಿಗೆ ಹಾಕುವ ಬೆಳೆಗೆ! ಯಾರೂ ಶಿಫಾರಸು ಮಾಡಲಾರರು. ಪಿಸಿಆರ್ ಕೂಡ ಇಲ್ಲಿ ಸಲೀಸಲ್ಲ. ಮರದೊಳಗೆ ಈ ಜೀವಿಯ ಸಂಖ್ಯೆ ಕಡಿಮೆ, ಎಲ್ಲ ಕಡೆ ಸಮನಾಗಿಯೂ ಇರುವುದಿಲ್ಲ. ಒಂದು ಸೋಗೆಯಲ್ಲಿ ಸಿಗದೆ ಪಕ್ಕದ್ದರಲ್ಲಿ ಸಿಗಬಹುದು. ‘ಇಲ್ಲ’ ಎಂದು ವರದಿ ಬಂದರೆ ‘ಈ ಚೂರಿನಲ್ಲಿ ಸಿಗಲಿಲ್ಲ’ ಎಂದು ಓದಿಕೊಳ್ಳಿ.

ಉಳಿದಿರುವ ದಾರಿ ಮರಗಳೇ ತೋರಿಸಿದ್ದು. ಪೂರ್ತಿ ರೋಗ ಬಿದ್ದ ತೋಟದಲ್ಲೂ ನಾಲ್ಕಾರು ಮರ ಹಸಿರಾಗಿ ನಿಂತು ಫಸಲು ಕೊಡುತ್ತಿರುತ್ತವೆ. ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಅಂಥ ಮರಗಳನ್ನು ಹುಡುಕಿ, ಅವುಗಳಿಂದ ಸಸಿ ಮಾಡುವ ಕೆಲಸ ಹಿಡಿದಿದ್ದಾರೆ. ನಿಮ್ಮ ತೋಟದಲ್ಲಿ ಹಾಗೆ ನಿಂತ ಮರ ಇದ್ದರೆ ಬಣ್ಣ ಬಳಿದು ಗುರುತು ಮಾಡಿ, ದಯವಿಟ್ಟು ಕಡಿಯಬೇಡಿ.

ಅಡಿಕೆ ಉದುರಿಸುವ ಕೊಳೆರೋಗಕ್ಕೆ ಇನ್ನೂ ಅಜ್ಜನ ಕಾಲದ ಬೋರ್ಡೋ ಮಿಶ್ರಣವೇ ಯಾಕೆ? ವಿಜ್ಞಾನ ಮುಂದೆ ಹೋಗಿಲ್ಲವಾ?

ಹೋಗಿದೆ. ಮುಂದೆ ಹೋಗಿ ನೋಡಿದಾಗ ಅಜ್ಜ ಹೊಡೆದದ್ದು ಸರಿ ಎಂದು ಗೊತ್ತಾಗಿದೆ.

ಇದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ರಸ್ತೆ ಪಕ್ಕದ ದ್ರಾಕ್ಷಿಯನ್ನು ದಾರಿಹೋಕರು ಕೀಳದಿರಲಿ ಎಂದು ಮೈಲುತುತ್ತ (ತಾಮ್ರದ ಲವಣ) ಮತ್ತು ಸುಣ್ಣ ಬೆರೆಸಿ ಬಳಿಯುತ್ತಿದ್ದರು, ಅದೇ ಬೋರ್ಡೋ. ಬಳಿದ ಬಳ್ಳಿಗೆ ರೋಗ ಇಲ್ಲದ್ದನ್ನು ಮಿಲಾರ್ಡೆ ಎಂಬ ವಿಜ್ಞಾನಿ ಗಮನಿಸಿ 1885ರಲ್ಲಿ ಪ್ರಕಟಿಸಿದ. ಇತ್ತ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಲೆಸ್ಲಿ ಕೋಲ್ಮನ್ ಎಂಬ ಕೆನಡಾದವರು ಬಂದರು. ಮಳೆಗಾಲದ ಅಡಿಕೆ ತೋಟದಲ್ಲಿ ಕೊಳೆಯನ್ನು ಬೆನ್ನುಹತ್ತಿ, ಅದನ್ನು ತರುವ ಜೀವಿಯನ್ನು ಗುರುತಿಸಿ 1910ರಲ್ಲಿ ಬರೆದರು. ಅಡಿಕೆ ಕೊನೆಗೆ (ಗೊನೆಗೆ) ಮಳೆ ತಾಗದಂತೆ ಕೊಟ್ಟೆ ಕಟ್ಟುವುದು ಬಿಟ್ಟರೆ ಬೇರೆ ಉಪಾಯವಿಲ್ಲದ ಕಾಲದಲ್ಲಿ ಮರದ ಮೇಲೆ ಬೋರ್ಡೋ ಹೊಡೆಯುವುದನ್ನು ನಮ್ಮವರಿಗೆ ಕಲಿಸಿದರು. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಲ್ಲಿ ಶುರುವಾದದ್ದೂ ಅವರಿಂದಲೇ. ಕೆನಡಾದಿಂದ ಬಂದು ಮಲೆನಾಡಿನ ಜಡಿಮಳೆಯಲ್ಲಿ ಮರದ ತುದಿ ನೋಡುತ್ತಾ ನಿಂತ ಮನುಷ್ಯ!

ಈಗ ಜೀವಿಯ ವಿಷಯ. ಕೊಳೆ ತರುವ ಫೈಟಾಫ್ತೊರಾವನ್ನು ನಾವೆಲ್ಲ ಶಿಲೀಂಧ್ರ ಎನ್ನುತ್ತೇವೆ, ಆದರೆ ಅದು ನಿಜವಾದ ಶಿಲೀಂಧ್ರವಲ್ಲ. ಅದರ ಕೋಶಗೋಡೆಯಲ್ಲಿ ಇರುವುದು ಗಿಡಗಳಲ್ಲಿರುವಂಥ ಸೆಲ್ಯುಲೋಸ್. ಡಿಎನ್‌ಎ ಹೋಲಿಸಿದರೆ ಅಣಬೆಗಿಂತ ಪಾಚಿಯ ಕೆಲವು ಬಗೆಗಳಿಗೆ ಹತ್ತಿರದ ನೆಂಟ. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಬೆಳೆ ಹಾಳುಮಾಡಿ ಬರಗಾಲ ತಂದದ್ದು ಇದರ ಅಣ್ಣತಮ್ಮಂದಿರಲ್ಲೊಂದು. ಇದರ ಬೀಜಾಣುವಿಗೆ ಎರಡು ಬಾಲ, ನೀರಿನ ಹನಿಯಲ್ಲಿ ಈಜುತ್ತದೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟಿ ಸುರಿಯುವ ಆಗುಂಬೆಯ ಸುತ್ತಮುತ್ತ ಅದಕ್ಕೆ ಈಜುಕೊಳಕ್ಕೆ ಏನು ಕೊರತೆ!

ಶಿಲೀಂಧ್ರವಲ್ಲ ಎಂಬುದು ಪಂಡಿತರ ಜಗಳವಲ್ಲ, ನಿಮ್ಮ ಜೇಬಿನ ವಿಷಯ. ಕಾರ್ಬೆಂಡಜಿಮ್ ಎಂಬ ಶಿಲೀಂಧ್ರನಾಶಕ ಫೈಟಾಫ್ತೊರಾಕ್ಕೆ ತಾಗುವುದಿಲ್ಲ. ಪ್ರೊಪಿಕೊನಜೋಲ್ ಜಾತಿಯವು ಶಿಲೀಂಧ್ರ ತನ್ನ ಪೊರೆಗೆ ತಯಾರಿಸಿಕೊಳ್ಳುವ ಎರ್ಗೊಸ್ಟೆರಾಲ್ ಎಂಬ ವಸ್ತುವನ್ನು ತಡೆಯುತ್ತವೆ. ಫೈಟಾಫ್ತೊರಾ ಅದನ್ನು ತಯಾರಿಸುವುದೇ ಇಲ್ಲ, ತಡೆಯುವುದು ಏನನ್ನು? ತಾಮ್ರ ಹಾಗಲ್ಲ. ಹನಿಯಲ್ಲಿ ಈಜಿ ಬಂದ ಬೀಜಾಣುವಿಗೆ ಕಾಯಿಯ ಮೇಲಿನ ತಾಮ್ರ ನೇರ ವಿಷ. ಒಂದೇ ಜಾಗಕ್ಕೆ ಹೊಡೆಯದೆ ಹತ್ತು ಕಡೆ ಹೊಡೆಯುವುದರಿಂದ ಅದಕ್ಕೆ ಒಗ್ಗಿಕೊಳ್ಳುವುದೂ ಸುಲಭವಲ್ಲ.

ಆದರೆ ತಾಮ್ರ ಹೊರಗೆ ಕಾವಲು ಕಾಯುತ್ತದೆ, ಒಳಗೆ ಹೊಕ್ಕ ಕಳ್ಳನನ್ನು ಹಿಡಿಯುವುದಿಲ್ಲ. ಅದಕ್ಕೇ ಮುಂಗಾರು ಹಿಡಿಯುವ ಮೊದಲು ಒಂದು ಸಲ, 40-45 ದಿನಕ್ಕೆ ಇನ್ನೊಂದು ಸಲ, ಮಳೆ ಬಿಡದಿದ್ದರೆ ಮೂರನೆಯದು. ಅಡಿಕೆ ಉದುರಲು ಶುರುವಾದ ಮೇಲೆ ಮರ ಹತ್ತುವ ಕೊನೆಗಾರನಿಗೆ ಫೋನು ಮಾಡಿದರೆ ಅವನು ಬರುವುದು ಹೇಗೂ ಹದಿನೈದು ದಿನಕ್ಕೆ.

ಬೋರ್ಡೋ ಸರಿ ಆಗಿದೆಯೋ ಇಲ್ಲವೋ ಹೇಗೆ ನೋಡುವುದು?

ಶೇಕಡ 1ರ ಮಿಶ್ರಣಕ್ಕೆ 1 ಕೆಜಿ ಮೈಲುತುತ್ತ, 1 ಕೆಜಿ ಒಳ್ಳೆಯ ಸುಣ್ಣ, 100 ಲೀಟರ್ ನೀರು. ಬೇರೆ ಬೇರೆ ಕರಗಿಸಿ, ಆಮೇಲೆ ಕೂಡಿಸಿ. ಹೊಳೆಯುವ ಕತ್ತಿಯನ್ನು ಸ್ವಲ್ಪ ಹೊತ್ತು ಅದ್ದಿ ತೆಗೆಯಿರಿ. ಕೆಂಪು ಲೇಪ ಬಂದರೆ ತಾಮ್ರ ಬಿಡಿಯಾಗಿ ಉಳಿದಿದೆ ಎಂದರ್ಥ, ಹಿಂಗಾರ (ಅಡಿಕೆಯ ಹೂಗೊಂಚಲು) ಸುಡುತ್ತದೆ, ಸುಣ್ಣ ಸೇರಿಸಿ. ಮಾಡಿದ್ದನ್ನು ಅವತ್ತೇ ಹೊಡೆದು ಮುಗಿಸಿ. ನಿನ್ನೆಯದು ಬಣ್ಣದ ನೀರು.

ಎಲೆಚುಕ್ಕೆಯೂ ಕೊಳೆಯೂ ಒಂದೇ ಅಲ್ಲವಾ? ಎರಡೂ ಮಳೆಗಾಲದಲ್ಲೇ ಬರುವುದು.

ಅಲ್ಲ. ಹೊಸನಗರ, ತೀರ್ಥಹಳ್ಳಿ, ಶೃಂಗೇರಿ, ಕೊಪ್ಪದ ಕಡೆ ಈಚಿನ ವರ್ಷಗಳಲ್ಲಿ ನಿದ್ದೆ ಕೆಡಿಸಿದ ಎಲೆಚುಕ್ಕೆಯನ್ನು ಮುಖ್ಯವಾಗಿ ತರುವುದು ಕೊಲೆಟೊಟ್ರೈಕಮ್ ಎಂಬ ನಿಜವಾದ ಶಿಲೀಂಧ್ರ. ಅದಕ್ಕೆ ಪ್ರೊಪಿಕೊನಜೋಲ್ ತಾಗುತ್ತದೆ, ಕೊಳೆಗೆ ತಾಗುವುದಿಲ್ಲ. ಕೊಳೆಗೆ ಕೊಡುವ ಮೆಟಲಾಕ್ಸಿಲ್ ಎಲೆಚುಕ್ಕೆಗೆ ದಂಡ. ಅಂಗಡಿಯವರು ‘ಎಲ್ಲದಕ್ಕೂ ಒಂದೇ’ ಎಂದು ಕೊಟ್ಟರೆ ಡಬ್ಬದ ಮೇಲಿನ ಹೆಸರು ಓದಿ ನೋಡಿ.

ಹೆಸರಿನ ಗೊಂದಲ ಇವತ್ತಿನದಲ್ಲ. ಕಾಫಿಗೂ ಕೊಳೆರೋಗ ಎಂದು ಒಂದಿದೆಯಲ್ಲ, ಅದರ ಶಿಲೀಂಧ್ರಕ್ಕೆ ವಿಜ್ಞಾನಿಗಳು ಇಟ್ಟ ಹೆಸರಿನಲ್ಲೇ ‘ಕೊಳೆರೋಗ’ ಎಂಬ ನಮ್ಮ ಕನ್ನಡದ ಪದ ಹಾಗೇ ಸೇರಿಕೊಂಡಿದೆ. ಲ್ಯಾಟಿನ್ ಹೆಸರುಗಳ ಸಾಲಿನಲ್ಲಿ ಕನ್ನಡದ ಶಬ್ದ ಕಂಡರೆ ನನಗೆ ಈಗಲೂ ಖುಷಿಯಾಗುತ್ತದೆ. ಆದರೆ ಕಾಫಿಯ ಕೊಳೆ ಬೇರೆ ಜೀವಿ, ಅಡಿಕೆಯ ಕೊಳೆ ಬೇರೆ ಜೀವಿ.

ಎಲೆಚುಕ್ಕೆಯಲ್ಲಿ ಔಷಧಿಗಿಂತ ದೊಡ್ಡ ತಲೆನೋವು ಔಷಧಿ ಸೋಗೆಯ ಅಡಿಮೈಗೆ ಮುಟ್ಟುವುದು. ದೋಟಿ ಸಾಲದು, ಮಳೆ ಬಿಡುವುದಿಲ್ಲ. ಹೆಚ್ಚು ಚುಕ್ಕೆ ಬಿದ್ದ ಕೆಳಸೋಗೆ ತೆಗೆದು ತೋಟದಿಂದ ಆಚೆ ಸುಟ್ಟರೆ ಬೀಜಾಣುವಿನ ಮೂಲವೇ ತಗ್ಗುತ್ತದೆ. ತೋಟದಲ್ಲೇ ಮುಚ್ಚಿಗೆಗೆ ಹಾಕಬೇಡಿ. ಒಂದೇ ಔಷಧಿಯನ್ನು ವರ್ಷಾನುಗಟ್ಟಲೆ ಹೊಡೆದರೆ ಶಿಲೀಂಧ್ರ ಒಗ್ಗಿಕೊಳ್ಳುತ್ತದೆ.

ಬಾಳೆಗೆ ಟಿಶ್ಯೂ ಕಲ್ಚರ್ ಇದೆ, ಅಡಿಕೆಗೆ ಯಾಕಿಲ್ಲ?

ಟಿಶ್ಯೂ ಕಲ್ಚರ್, ಅಂದರೆ ಅಂಗಾಂಶ ಕೃಷಿ, ಗಿಡದ ಚೂರಿನಿಂದ ಬಾಟಲಿಯಲ್ಲಿ ಸಸಿ ಎಬ್ಬಿಸುವುದು. ಬಾಳೆ ತಾನಾಗಿಯೇ ಕಂದು ಬಿಡುವ ಗಿಡ. ಆ ಸ್ವಭಾವವನ್ನು ಬಾಟಲಿಯೊಳಗೆ ಸ್ವಲ್ಪ ಕೆಣಕಿದರೆ ಸಾಕು, ಕಂದಿಗೆ ಕಂದು ಒಡೆಯುತ್ತದೆ. ಮುರಾಶಿಗೆ ಮತ್ತು ಸ್ಕೂಗ್ ಎಂಬ ವಿಜ್ಞಾನಿಗಳು 1962ರಲ್ಲಿ ಪ್ರಕಟಿಸಿದ ಲವಣಗಳ ಪಾಕ, ಸಕ್ಕರೆ, ಅಗರ್, ಎರಡು ಬಗೆಯ ಸಸ್ಯ ಹಾರ್ಮೋನು: ಇಷ್ಟೇ ಅಡುಗೆ. ಬೇರೊಂದು ಕೊಠಡಿಯಲ್ಲಿ ಬೆಳಕು, ಅಳತೆಯ ತಂಪು.

ಅಡಿಕೆಗೆ ಇರುವುದು ಒಂದೇ ಸುಳಿ. ಕಂದು ಇಲ್ಲ, ಟೊಂಗೆ ಇಲ್ಲ, ಕಸಿಗೂ ದಾರಿಯಿಲ್ಲ. ಸುಳಿ ತೆಗೆದರೆ ಮರವೇ ಹೋಯಿತು. ಆದ್ದರಿಂದ ಎಳೆಯ ಎಲೆಯನ್ನೋ ಇನ್ನೂ ಬಿರಿಯದ ಎಳೆ ಹಿಂಗಾರವನ್ನೋ ಚೂರು ಮಾಡಿ, ಆ ಕೋಶಗಳು ತಾವು ಎಲೆ, ಹೂವು ಎಂಬುದನ್ನು ಮರೆತು ಮತ್ತೆ ಭ್ರೂಣವಾಗುವಂತೆ ಮನವೊಲಿಸಬೇಕು. ಕೇಂದ್ರೀಯ ತೋಟದ ಬೆಳೆಗಳ ಸಂಸ್ಥೆಯವರು ಇದರ ವಿಧಾನ ಕಂಡುಹಿಡಿದಿದ್ದಾರೆ, ಗಿಡಗಳೂ ಆಗಿವೆ. ಆದರೆ ತಿಂಗಳುಗಟ್ಟಲೆ ಹಿಡಿಯುತ್ತದೆ, ಹಾಕಿದ ಚೂರುಗಳಲ್ಲಿ ಗಿಡವಾಗುವುದು ಕೆಲವೇ. ಮೊದಲ ಶತ್ರು ಯಾರು ಗೊತ್ತೆ? ಕೆಂಪಡಿಕೆ ಬೇಯಿಸುವಾಗ ಬಣ್ಣ ಕೊಡುವ ಚೊಗರು. ಆ ಒಗರಿನ ವಸ್ತುಗಳೇ ಕತ್ತರಿಸಿದ ಜಾಗದಿಂದ ಒಸರಿ, ಪಾಕವನ್ನೆಲ್ಲ ಕಂದುಬಣ್ಣ ಮಾಡಿ, ಚೂರನ್ನು ಕೊಲ್ಲುತ್ತವೆ.

ಅವಸರ ಬೇಡ ಎನ್ನಲು ಇನ್ನೊಂದು ಕಾರಣ ತಾಳೆ ಎಣ್ಣೆ ಬೆಳೆಯ ಕಥೆ. 1980ರ ದಶಕದಲ್ಲಿ ಮಲೇಷ್ಯಾ ಮುಂತಾದ ಕಡೆ ಟಿಶ್ಯೂ ಕಲ್ಚರ್ ತಾಳೆ ನೆಟ್ಟರು. ವರ್ಷಗಳಾದ ಮೇಲೆ ಹಣ್ಣು ಬಂದಾಗ ಒಂದಷ್ಟು ಮರಗಳಲ್ಲಿ ಹಣ್ಣೇ ವಿಕಾರ, ಎಣ್ಣೆ ಇಲ್ಲ. ಡಿಎನ್‌ಎಯ ಅಕ್ಷರ ಬದಲಾಗಿರಲಿಲ್ಲ, ಅದರ ಮೇಲೆ ಕೂತ ರಾಸಾಯನಿಕ ಗುರುತು ಅಳಿಸಿಹೋಗಿತ್ತು ಎಂದು ತಿಳಿದದ್ದು 2015ರಲ್ಲಿ. ಅಡಿಕೆಯೂ ಅದೇ ತಾಳೆಯ ಬಳಗ, ಫಸಲಿಗೆ ಐದಾರು ವರ್ಷ. ಯಾರಾದರೂ ‘ಟಿಶ್ಯೂ ಕಲ್ಚರ್ ಅಡಿಕೆ ಸಸಿ’ ಎಂದು ಗಾಡಿಯಲ್ಲಿ ತಂದು ಮಾರಿದರೆ ಅದು ಯಾವ ಲ್ಯಾಬು, ಯಾವ ಮರ, ಎಷ್ಟನೇ ತಲೆ ಎಂದು ಕೇಳಿ. ಮುಖ ಬಾಡುತ್ತದೆ.

ಅಲ್ಲಿಯವರೆಗೆ ಹಳೆಯ ಕ್ರಮವೇ ಗಟ್ಟಿ. ಅಡಿಕೆ ಪರಾಗಸ್ಪರ್ಶ ಹೆಚ್ಚಾಗಿ ಮರದಿಂದ ಮರಕ್ಕೆ, ಹಾಗಾಗಿ ಸಸಿ ತಾಯಿಯಂತೆಯೇ ಇರಬೇಕೆಂದಿಲ್ಲ. ವರ್ಷವರ್ಷವೂ ಕೊನೆ ಬಿಟ್ಟ ಮಧ್ಯವಯಸ್ಸಿನ ಮರ ಆರಿಸಿ, ಪೂರ್ತಿ ಹಣ್ಣಾದ ಗೋಟನ್ನು ನೀರಿಗೆ ಹಾಕಿ, ತೊಟ್ಟು ಮೇಲೆ ಮಾಡಿ ನೆಟ್ಟಗೆ ತೇಲುವುದನ್ನು ಬೀಜಕ್ಕೆ ಇಟ್ಟುಕೊಳ್ಳಿ.

ಟಿಶ್ಯೂ ಕಲ್ಚರ್ ಬಾಳೆ ಹಾಕಿದರೆ ರೋಗವೇ ಬರುವುದಿಲ್ಲವಂತೆ?

ಸಸಿ ರೋಗವಿಲ್ಲದೆ ಬರಬಹುದು, ನಿಮ್ಮ ಮಣ್ಣು ಹಾಗಿರಬೇಕಲ್ಲ. ಪನಾಮ ಸೊರಗು ರೋಗದ ಫ್ಯುಸೇರಿಯಂ ಮಣ್ಣಿನಲ್ಲಿ ದಶಕಗಟ್ಟಲೆ ಕಾಯುತ್ತದೆ.

ಸಸಿಯೂ ಚೊಕ್ಕವಾಗಿರಬೇಕಾದರೆ ತಾಯಿಗಿಡವನ್ನು ವೈರಸ್‌ಗಳಿಗೆ ಪರೀಕ್ಷೆ ಮಾಡಿರಬೇಕು. ವೈರಸ್ ಇರುವ ಕಂದನ್ನು ಬಾಟಲಿಗೆ ಹಾಕಿದರೆ ವೈರಸ್ಸೂ ಸಾವಿರ ಪಾಲಾಗುತ್ತದೆ. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 2006ರಿಂದ ಅಂಗಾಂಶ ಕೃಷಿ ಸಸಿಗಳಿಗೆ ಪ್ರಮಾಣಪತ್ರದ ವ್ಯವಸ್ಥೆ ಮಾಡಿದೆ. ಬಿಲ್ಲಿನ ಜೊತೆ ಅದನ್ನು ಕೇಳಿ. ಇಷ್ಟು ಬಲ್ಲ ನಾನೇ ಒಮ್ಮೆ ಅಗ್ಗಕ್ಕೆ ಸಿಕ್ಕಿತೆಂದು ಬಿಲ್ಲೂ ಇಲ್ಲದೆ ಜಿ-9 ತಳಿಯ ಮುನ್ನೂರು ಬಾಳೆ ಸಸಿ ತಂದೆ. ನಾಲ್ಕು ತಿಂಗಳಿಗೆ ಎಷ್ಟೋ ಗಿಡ ತಲೆ ಗೊಂಚಲಾಗಿ ಕುಗ್ಗಿ ನಿಂತವು. ಅಮ್ಮ ಏನೂ ಹೇಳಲಿಲ್ಲ, ಹಿತ್ತಲಿನ ಪುಟ್ಟಬಾಳೆಯ ಕಂದು ಕಿತ್ತು ಅಂಗಳದಲ್ಲಿಟ್ಟಳು.

ಟ್ರೈಕೋಡರ್ಮಾ ತಂದು ಹಾಕಿದೆ. ಏನೂ ಆಗಲಿಲ್ಲ.

ಮೂರು ಪ್ರಶ್ನೆ ನಾನು ಕೇಳುತ್ತೇನೆ. ಪೊಟ್ಟಣ ಎಲ್ಲಿ ಇಟ್ಟಿದ್ದಿರಿ? ಯಾವುದರ ಜೊತೆ ಹಾಕಿದಿರಿ? ಯಾವಾಗ ಬೋರ್ಡೋ ಹೊಡೆದಿರಿ?

ಟ್ರೈಕೋಡರ್ಮಾ ಜೀವ ಇರುವ ಶಿಲೀಂಧ್ರ. ಬೇರೆ ಶಿಲೀಂಧ್ರಗಳ ಎಳೆಗೆ ಸುತ್ತಿಕೊಂಡು ಅವುಗಳ ಗೋಡೆ ಕರಗಿಸಿ ತಿನ್ನುತ್ತದೆ. ಅದಕ್ಕಿಂತ ಮೊದಲೇ ಜಾಗ ಹಿಡಿದು ಕೂತು ಇನ್ನೊಬ್ಬರನ್ನು ಬಾರದಂತೆ ಮಾಡುತ್ತದೆ, ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ. ಗ್ರಾಂಗೆ ಕನಿಷ್ಠ 20 ಲಕ್ಷ ಜೀವಂತ ಕಣ ಇರಬೇಕೆಂಬುದು ಪುಡಿಗೆ ನಿಯಮ. ಬಿಸಿಲು ಬೀಳುವ ಅಂಗಡಿ ಗಾಜಿನ ಹಿಂದೆ ಆರು ತಿಂಗಳು ಕೂತ ಪೊಟ್ಟಣದಲ್ಲಿ ಆ ಲೆಕ್ಕ ಉಳಿದಿರುವುದಿಲ್ಲ. ನೀವು ಹಾಕಿದ್ದು ಬಿಳಿ ಪುಡಿ ಅಷ್ಟೆ.

ಬರಿ ಮಣ್ಣಿಗೆ ಎರಚಿದರೆ ಅದು ಉಪವಾಸ ಬೀಳುತ್ತದೆ. 1 ಕೆಜಿ ಪುಡಿಯನ್ನು ಸುಮಾರು 100 ಕೆಜಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರಕ್ಕೆ ಬೆರೆಸಿ, ತೇವ ಮಾಡಿ, ನೆರಳಲ್ಲಿ ಗೋಣಿ ಮುಚ್ಚಿ ಹತ್ತು ಹದಿನೈದು ದಿನ ಬಿಡಿ. ನಡುವೆ ತಿರುವಿ. ಹಸಿರು ಬೂಸಲು ಹರಡಿದ ಮೇಲೆ ಬುಡಕ್ಕೆ ಕೊಡಿ. ತಾಮ್ರ ಯಾವ ಶಿಲೀಂಧ್ರವನ್ನೂ ನೆಂಟ ಎಂದು ಬಿಡುವುದಿಲ್ಲ, ಬೋರ್ಡೋ ಸೋರಿದ ಬುಡಕ್ಕೆ ಎರಡು ಮೂರು ವಾರವಾದರೂ ಅಂತರವಿರಲಿ. ಇಷ್ಟೆಲ್ಲ ಮಾಡಿದರೂ, ಬೇರು ಕೊಳೆತು ಸೊರಗಿ ನಿಂತ ಮೆಣಸಿನ ಬಳ್ಳಿಯನ್ನು ಇದು ಎಬ್ಬಿಸಿ ಕೂರಿಸುವುದಿಲ್ಲ. ಪಕ್ಕದ ಬಳ್ಳಿಯನ್ನು ಉಳಿಸಬಹುದು.

ಜೀವಾಮೃತ ಇರುವಾಗ ಈ ಪೊಟ್ಟಣಗಳೆಲ್ಲ ಯಾಕೆ?

ಜೀವಾಮೃತದಲ್ಲಿ ಸೂಕ್ಷ್ಮಜೀವಿಗಳಿವೆ, ಅದರಲ್ಲಿ ತಕರಾರಿಲ್ಲ. ಸಗಣಿ, ಗಂಜಲ, ಬೆಲ್ಲ, ಹಿಟ್ಟು ಎಲ್ಲ ಸೇರಿದ ಜಾಗದಲ್ಲಿ ಇಲ್ಲದಿರುತ್ತವೆಯೆ? ಆದರೆ ಯಾವುದು, ಎಷ್ಟು ಎಂಬುದು ಕೊಟ್ಟಿಗೆಯಿಂದ ಕೊಟ್ಟಿಗೆಗೆ, ದಿನದಿಂದ ದಿನಕ್ಕೆ ಬದಲು. ಪೊಟ್ಟಣದಲ್ಲಿ ಒಂದೇ ಜೀವಿ, ಎಣಿಸಿ ಹಾಕಿದ್ದು. ಜೈವಿಕ ಗೊಬ್ಬರವಾದರೆ ಗ್ರಾಂಗೆ ಕನಿಷ್ಠ 5 ಕೋಟಿ. ಒಂದು ಸಂತೆ, ಇನ್ನೊಂದು ಕರೆದು ತಂದ ಆಳು.

ನಮ್ಮ ಮಣ್ಣಿನ ಒಂದು ಮಾತು ಮಾತ್ರ ಮರೆಯಬೇಡಿ. ಮಳೆ ಸುಣ್ಣದಂಶವನ್ನೆಲ್ಲ ತೊಳೆದು ಮಲೆನಾಡಿನ ಮಣ್ಣು ಹುಳಿಯಾಗಿದೆ. ಹುಳಿ ಮಣ್ಣಿನಲ್ಲಿ ರಂಜಕವನ್ನು ಕಬ್ಬಿಣ, ಅಲ್ಯೂಮಿನಿಯಂ ಹಿಡಿದು ಕೂರುತ್ತವೆ. ರಂಜಕ ಕರಗಿಸುವ ಬ್ಯಾಕ್ಟೀರಿಯಾ, ಬೇರಿಗೆ ಅಂಟಿಕೊಂಡು ದೂರದಿಂದ ರಂಜಕ ತಂದುಕೊಡುವ ಮೈಕೊರೈಜಾ ಎಂಬ ಶಿಲೀಂಧ್ರ ಇಲ್ಲಿ ಉಪಕಾರಿಗಳು. ಆದರೆ ಮಣ್ಣು ಪರೀಕ್ಷೆ ಮಾಡಿಸಿ ಸುಣ್ಣ ಕೊಡದೆ ಇವುಗಳನ್ನು ಮಾತ್ರ ತಂದು ಹಾಕುವುದು, ಚಾವಣಿ ಸೋರುವ ಮನೆಗೆ ಬಣ್ಣ ಹೊಡೆಸಿದಂತೆ. ಸೊಪ್ಪಿನ ಬೆಟ್ಟದ ದರಗು ತಂದು ಮುಚ್ಚಿಗೆ ಹಾಕುತ್ತಿದ್ದ ಹಿರಿಯರು ಮೈಕೊರೈಜಾ ಹೆಸರು ಕೇಳಿರಲಿಲ್ಲ. ಅದಕ್ಕೆ ಬೇಕಾದ ಮನೆ ಕಟ್ಟಿಕೊಟ್ಟಿದ್ದರು.

ಹಿಪ್ಪಲಿಗೆ ಕಸಿ ಮಾಡಿದ ಮೆಣಸು ಬಯೋಟೆಕ್ ಲೆಕ್ಕಕ್ಕೆ ಬರುತ್ತದಾ?

ಕಸಿ ಹಳೆಯ ವಿದ್ಯೆ. ಆದರೆ ಲ್ಯಾಬಿನವರಿಗೆ ಆ ಬೇರಿನ ಮೇಲೆ ಬಲವಾದ ಕಣ್ಣಿದೆ. ದಕ್ಷಿಣ ಅಮೆರಿಕದಿಂದ ಬಂದ ಈ ಕಾಡುಹಿಪ್ಪಲಿ ಮೆಣಸಿನ ಶೀಘ್ರ ಸೊರಗು ರೋಗದ ಫೈಟಾಫ್ತೊರಾಕ್ಕೆ ಜಗ್ಗುವುದಿಲ್ಲ, ನೀರು ನಿಂತರೂ ತಾಳುತ್ತದೆ. ಮೆಣಸಿಗೂ ಅದಕ್ಕೂ ಸಂಕರ ಮಾಡುವುದು ಬಹಳ ಕಷ್ಟ. ಹಾಗಾಗಿ ಅದರ ಯಾವ ವಂಶವಾಹಿಗಳು ರೋಗವನ್ನು ತಡೆಯುತ್ತಿವೆ ಎಂದು ಹುಡುಕುವ ಸಂಶೋಧನೆ ನಡೆದಿದೆ. ತೋಟದವರಿಗೆ ಸದ್ಯಕ್ಕೆ ಕಸಿಯೇ ಸಿಕ್ಕ ಲಾಭ. ಬೇಸಿಗೆಯಲ್ಲಿ ನೀರಿಲ್ಲದ ಜಾಗಕ್ಕೆ ಹಾಕಬೇಡಿ, ಒಣಗುತ್ತದೆ. ಅಡಿಕೆ ತೋಟದ ತಂಪು ಅದಕ್ಕೆ ಸರಿಹೊಂದುತ್ತದೆ.

ಭತ್ತದಲ್ಲಿ ಏನಾದರೂ ನಡೆದಿದೆಯಾ, ಅಥವಾ ಎಲ್ಲರೂ ಗದ್ದೆ ಮುಚ್ಚಿ ಅಡಿಕೆ ಹಾಕಿದ ಹಾಗೆ ವಿಜ್ಞಾನಿಗಳೂ ಬಿಟ್ಟರಾ?

ಬಿಟ್ಟಿಲ್ಲ. ಮಂಜು, ತಂಪು ರಾತ್ರಿ, ಒದ್ದೆ ಎಲೆ ಇರುವ ಮಲೆನಾಡು ಬೆಂಕಿರೋಗದ ತವರು. ಶಿವಮೊಗ್ಗದ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ, ಅಂದರೆ 2012ರಲ್ಲಿ ಶುರುವಾಗಿ ಈಗ ಇರುವಕ್ಕಿಯಲ್ಲಿ ಮುಖ್ಯ ಕ್ಯಾಂಪಸ್ ಇರುವುದು, ‘ಸಹ್ಯಾದ್ರಿ ಮೇಘ’ ಎಂಬ ಕೆಂಪಕ್ಕಿ ತಳಿ ಕೊಟ್ಟಿದೆ. ಬೆಂಕಿರೋಗ ತಾಳಿಕೊಳ್ಳುವ ಇದು ಜ್ಯೋತಿ ಮತ್ತು ಅಕ್ಕಳು ಎಂಬ ತಳಿಗಳ ಸಂಕರದ ಮೊಮ್ಮಕ್ಕಳಲ್ಲಿ ಆರಿಸಿದ್ದು, ಕುಲಾಂತರಿಯಲ್ಲ.

ನೆರೆಹಾವಳಿಯ ವಿಷಯಕ್ಕೆ ಒಡಿಶಾದ ಹಳೆಯ ತಳಿಯೊಂದರಿಂದ ಬಂದ ಕಥೆ ಚೆನ್ನಾಗಿದೆ. ಅದರ ‘ಸಬ್-1ಎ’ ಎಂಬ ವಂಶವಾಹಿಯನ್ನು 2006ರಲ್ಲಿ ಗುರುತಿಸಿದರು. ಮುಳುಗಿದ ಗಿಡ ಮೇಲೆ ಬರಲು ಪರದಾಡಿ ಶಕ್ತಿ ಕಳೆದುಕೊಳ್ಳದಂತೆ ಅದು ತಡೆಯುತ್ತದೆ. ಗಿಡ ಉಸಿರು ಬಿಗಿಹಿಡಿದು ಕೂತು, ಸುಮಾರು ಎರಡು ವಾರದ ಮೇಲೆ ನೀರಿಳಿದಾಗ ಚಿಗುರುತ್ತದೆ. ಡಿಎನ್‌ಎ ಗುರುತು ನೋಡಿ ನೋಡಿ ಅದನ್ನು ಸ್ವರ್ಣಾ ತಳಿಗೆ ಸೇರಿಸಿ 2009ರಲ್ಲಿ ಬಿಡುಗಡೆ ಮಾಡಿದರು. ವರದಾ ದಂಡೆಯ ಸೊರಬ, ಸಾಗರದ ಹಳಬರು ಇದನ್ನು ಕೇಳಿ ನಗುತ್ತಾರೆ: ‘ನಮ್ಮ ನೆರೆಗುಳಿ ಭತ್ತ ಏನು ಮಾಡುತ್ತಿತ್ತು ಮತ್ತೆ?’ ಹೆಸರಲ್ಲೇ ನೆರೆ ಇಟ್ಟುಕೊಂಡ ಆ ಬೀಜವನ್ನು ಡಬ್ಬಿಯಲ್ಲಾದರೂ ಉಳಿಸಿ.

ಜೀನ್ ಎಡಿಟಿಂಗ್ ಅಂತ ಹೊಸದು ಬಂದಿದೆಯಲ್ಲ, ಅದೂ ಕುಲಾಂತರಿಯೇ?

ಕುಲಾಂತರಿಯಲ್ಲಿ ಬೇರೆ ಜೀವಿಯ ವಂಶವಾಹಿ ತಂದು ಸೇರಿಸುತ್ತಾರೆ. 2002ರಲ್ಲಿ ಅನುಮತಿ ಸಿಕ್ಕ ಬಿಟಿ ಹತ್ತಿಯಲ್ಲಿ ಇರುವುದು ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂಬ ಬ್ಯಾಕ್ಟೀರಿಯಾದ್ದು. ತಮಾಷೆಯೆಂದರೆ ಅದೇ ಬ್ಯಾಕ್ಟೀರಿಯಾದ ಪುಡಿಯನ್ನು ಸಾವಯವದವರೂ ಹುಳಕ್ಕೆ ಹೊಡೆಯುತ್ತಾರೆ. ಬಿಟಿ ಬದನೆಗೆ 2010ರ ಫೆಬ್ರುವರಿಯಲ್ಲಿ ತಡೆ ಬಿತ್ತು, ಇನ್ನೂ ತೆರೆದಿಲ್ಲ.

ಜೀನ್ ಎಡಿಟಿಂಗ್‌ನಲ್ಲಿ ಗಿಡದ ಸ್ವಂತ ಡಿಎನ್‌ಎಯಲ್ಲೇ ಒಂದೆರಡು ಅಕ್ಷರ ತಿದ್ದುತ್ತಾರೆ. 2012ರಲ್ಲಿ ರೂಪುಗೊಂಡ ಕ್ರಿಸ್ಪರ್ ಕತ್ತರಿಗೆ 2020ರಲ್ಲಿ ನೊಬೆಲ್ ಬಂತು. ಹೊರಗಿನ ಡಿಎನ್‌ಎ ಉಳಿಯದ ಇಂಥ ಗಿಡಗಳಿಗೆ ನಮ್ಮ ಸರ್ಕಾರ 2022ರಲ್ಲಿ ಕುಲಾಂತರಿಯ ಬಿಗಿ ನಿಯಮದಿಂದ ವಿನಾಯಿತಿ ಕೊಟ್ಟಿತು. 2025ರ ಮೇ ತಿಂಗಳಲ್ಲಿ ಹೀಗೆ ತಿದ್ದಿದ ಎರಡು ಭತ್ತದ ತಳಿ ಪ್ರಕಟವಾದವು, ಒಂದು ಸಾಂಬಾ ಮಸೂರಿಯದು, ಇನ್ನೊಂದು ಎಂಟಿಯು 1010ರದು. ವಿನಾಯಿತಿ ಕೊಟ್ಟದ್ದು ಅವಸರವಾಯಿತೇ ಎಂಬ ಚರ್ಚೆ ಇದೆ. ಅಕ್ಷರ ತಿದ್ದುವುದಕ್ಕಿಂತ ಆ ಕತ್ತರಿಯ ಪೇಟೆಂಟು ಯಾರ ಕೈಯಲ್ಲಿದೆ ಎಂಬುದೇ ನನಗೆ ಹೆಚ್ಚು ಚಿಂತೆಯ ವಿಷಯ.

ನಮ್ಮ ಅಪ್ಪೆಮಿಡಿ, ಕಾಡಿನ ಗಿಡಮೂಲಿಕೆ ಯಾರಾದರೂ ಒಯ್ದು ಹಕ್ಕು ಮಾಡಿಕೊಂಡರೆ?

ಭಯ ಸುಳ್ಳಲ್ಲ. ಘಟ್ಟದ ಕಾಡಿನ ದುರ್ವಾಸನೆ ಮರದಲ್ಲಿ ಕ್ಯಾಂಪ್ಟೊಥೆಸಿನ್ ಎಂಬ ವಸ್ತು ಇದೆ, ಅದರಿಂದ ಕ್ಯಾನ್ಸರ್ ಔಷಧಿ ಆಗುತ್ತದೆ. ಗೊತ್ತಾದ ಮೇಲೆ ಮರಗಳನ್ನು ಕಡಿದು ಸಾಗಿಸಿದರು. ಆ ಮರದೊಳಗೆ ರೋಗ ತಾರದೆ ವಾಸಿಸುವ ಶಿಲೀಂಧ್ರವೂ ಅದೇ ವಸ್ತು ತಯಾರಿಸುತ್ತದೆ ಎಂದು ಕಂಡಾಗ ಮೈಕ್ರೊಬಯಾಲಜಿಯವರಿಗೆ ಆಸೆ ಚಿಗುರಿತು, ಮರ ಬಿಟ್ಟು ಶಿಲೀಂಧ್ರವನ್ನೇ ಸಾಕಬಹುದಲ್ಲ ಎಂದು. ಆದರೆ ಲ್ಯಾಬಿನಲ್ಲಿ ಕೆಲವು ತಲೆಮಾರು ಕಳೆದರೆ ಆ ಶಿಲೀಂಧ್ರ ಕೈ ಕಟ್ಟಿ ಕೂರುತ್ತದೆ.

ಕಾನೂನು ಎರಡಿವೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯ್ತಿಗೂ ಒಂದು ಸಮಿತಿ, ಒಂದು ದಾಖಲೆ ಪುಸ್ತಕ ಇರಬೇಕು. ನಿಮ್ಮೂರಿನದು ಕಪಾಟಿನಲ್ಲಿ ಮಲಗಿದೆಯೋ ನೋಡಿ. 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕು ಕಾಯ್ದೆಯಂತೆ ರೈತರು ತಾವು ಉಳಿಸಿದ ತಳಿಯನ್ನು ತಮ್ಮ ಹೆಸರಿಗೆ ನೋಂದಾಯಿಸಬಹುದು. ಬೀಜ ಇಟ್ಟುಕೊಳ್ಳುವುದು, ಬಿತ್ತುವುದು, ಹಂಚುವುದು, ಬ್ರ್ಯಾಂಡ್ ಹಾಕದೆ ಮಾರುವುದು ಎಲ್ಲವೂ ರೈತರ ಹಕ್ಕು. ಅಪ್ಪೆಮಿಡಿಗೆ ಭೌಗೋಳಿಕ ಗುರುತು ಸಿಕ್ಕಿದೆ. ಆದರೆ ಹೊಳೆದಂಡೆಯ ಮೂಲ ಮರವನ್ನು ಟೊಂಗೆ ಕಡಿದು ಕೊಯ್ದರೆ ಯಾವ ಗುರುತೂ ಉಳಿಸದು.

ಮಗಳು ಬಯೋಟೆಕ್ನಾಲಜಿ ಓದುತ್ತೇನೆ ಅನ್ನುತ್ತಿದ್ದಾಳೆ. ಕೆಲಸ ಸಿಗುತ್ತದಾ?

ಬರಿ ಪದವಿಗೆ ಸಿಗುವುದು ಕಷ್ಟ, ನಿಜ ಹೇಳಬೇಕು. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಬಯೋಟೆಕ್ನಾಲಜಿ, ಮೈಕ್ರೊಬಯಾಲಜಿ ಎಂಎಸ್ಸಿ ಇದೆ. ಹಾಸನದ ಕೃಷಿ ಕಾಲೇಜಿನಲ್ಲಿ ಬಯೋಟೆಕ್ ಪದವಿ ಇದೆ. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯ ನೆರವಿನಿಂದ ದೇಶದ ಬೇರೆ ವಿಶ್ವವಿದ್ಯಾಲಯಗಳಲ್ಲಿ ನಡೆಯುವ ಎಂಎಸ್ಸಿಗೆ ಗ್ಯಾಟ್-ಬಿ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. ಓದುವಾಗಲೇ ಅಂಗಾಂಶ ಕೃಷಿ, ಜೈವಿಕ ಗೊಬ್ಬರ, ರೋಗ ಪತ್ತೆ ಇದರಲ್ಲಿ ಒಂದನ್ನು ಕೈಯಾರೆ ಕಲಿತರೆ ದಾರಿ ತೆರೆಯುತ್ತದೆ. ಅಡಿಕೆ ಸುಲಿದು ಬೆಳೆದ ಹುಡುಗಿಯ ಕೈ ಲ್ಯಾಬಿನಲ್ಲಿ ನಡುಗುವುದಿಲ್ಲ, ಅದು ನಾನು ಕಂಡದ್ದು.

ಸರಿ, ಲ್ಯಾಬಿಗೆ ಮಾದರಿ ತರುತ್ತೇನೆ. ಹೇಗೆ ತರಲಿ?

ಪೂರ್ತಿ ಒಣಗಿದ ಸೋಗೆ ತರಬೇಡಿ. ಅದರಲ್ಲಿ ಸಿಗುವುದು ರೋಗ ತಂದವನಲ್ಲ, ಆಮೇಲೆ ತಿಥಿ ಊಟಕ್ಕೆ ಬಂದವರು. ರೋಗ ಈಗಷ್ಟೇ ಹಿಡಿದ ಭಾಗ, ಅರ್ಧ ಹಸಿರು ಅರ್ಧ ಕೆಟ್ಟದ್ದು ಇರುವಂತೆ ಕತ್ತರಿಸಿ. ಪಕ್ಕದ ಆರೋಗ್ಯವಂತ ಮರದ್ದೂ ಒಂದು ತುಂಡು ಇರಲಿ. ಎಲೆಯನ್ನು ಪೇಪರಿನಲ್ಲಿ ಸುತ್ತಿ, ಪ್ಲಾಸ್ಟಿಕ್ಕಿನಲ್ಲಿ ಬೆವರಿ ಕೊಳೆಯುತ್ತದೆ. ಬೇರು ಮಾತ್ರ ಅದರ ಸುತ್ತಲಿನ ಒಂದು ಮುಷ್ಟಿ ಮಣ್ಣಿನ ಸಮೇತ ಪ್ಲಾಸ್ಟಿಕ್ ಚೀಲದಲ್ಲಿ. ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಇಟ್ಟು ತಂದರೆ ದಾರಿಯಲ್ಲೇ ಬೆಂದಿರುತ್ತದೆ. ಶನಿವಾರ ಮಧ್ಯಾಹ್ನ ತರಬೇಡಿ, ಸೋಮವಾರ ಬೆಳಿಗ್ಗೆ ತನ್ನಿ.

ಒಂದು ಚೀಟಿಯಲ್ಲಿ ಮರದ ವಯಸ್ಸು, ಮೊದಲು ಕಂಡ ತಿಂಗಳು, ತೋಟದ ಯಾವ ಮೂಲೆ, ಕಾಲುವೆ ಯಾವಾಗ ಎತ್ತಿಸಿದ್ದು, ಕೊನೆಯ ಸಲ ಏನು ಹೊಡೆದದ್ದು ಬರೆಯಿರಿ. ಹೊಡೆದದ್ದರ ಹೆಸರು ಮರೆತಿದ್ದರೆ ಖಾಲಿ ಡಬ್ಬದ ಚೀಟಿಯ ಫೋಟೊ ತನ್ನಿ. ಆ ಫೋಟೊವನ್ನು ಪಂಕ್ತಿಯಲ್ಲಿ ತೋರಿಸಿದರೂ ನಾನು ಬೇಜಾರು ಮಾಡಿಕೊಳ್ಳುವುದಿಲ್ಲ.